ಹಂಚಿಕೊಂಡದ್ದು ಯಾರದು? ಮೆಮೊರಿಯ ಲೆಕ್ಕ ಮತ್ತು ಸ್ವತ್ವದ ಪ್ರಶ್ನೆ

ಪಿಎಸ್-ಮೆಮ್ ಎಂಬುದು ಲಿನಕ್ಸ್ ಗಣಕದಲ್ಲಿ ಓಡುತ್ತಿರುವ ಪ್ರೋಗ್ರಾಮುಗಳು ಎಷ್ಟೆಷ್ಟು ಮೆಮೊರಿ ಹಿಡಿದುಕೊಂಡಿವೆ ಎಂದು ಲೆಕ್ಕ ಹಾಕಿ ಹೇಳುವ ಕಮಾಂಡ್ ಲೈನ್ ಸಾಧನ. ಪಾಡ್ರಿಗ್ ಬ್ರೇಡಿ ಅವರು ಪೈಥಾನ್ ಭಾಷೆಯಲ್ಲಿ ಬರೆದ ಇದು ಒಂದೇ ಕಡತದಲ್ಲಿ ಅಡಕವಾಗಿದೆ. ಟರ್ಮಿನಲ್‌ನಲ್ಲಿ ಅದರ ಹೆಸರು ಕೊಟ್ಟರೆ ಪರದೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ. ಪ್ರತಿ ಸಾಲಿನಲ್ಲೂ ಮೂರು ಅಂಕಿಗಳಿರುತ್ತವೆ: ಆ ಪ್ರೋಗ್ರಾಮಿಗೆ ಮಾತ್ರ ಸೇರಿದ ಮೆಮೊರಿ, ಇತರರೊಡನೆ ಹಂಚಿಕೊಂಡ ಮೆಮೊರಿಯಲ್ಲಿ ಅದರ ಪಾಲು, ಇವೆರಡರ ಮೊತ್ತ. ಸಾಲಿನ ಕೊನೆಗೆ ಪ್ರೋಗ್ರಾಮಿನ ಹೆಸರು. ಒಂದೇ ಹೆಸರಿನ ಹಲವು ಪ್ರೋಸೆಸ್‌ಗಳು, ಅಂದರೆ ಪ್ರೋಗ್ರಾಮಿನ ಓಡುತ್ತಿರುವ ಪ್ರತಿಗಳು, ಇದ್ದರೆ ಅವನ್ನು ಕೂಡಿಸಿ, ಎಷ್ಟಿವೆ ಎಂಬುದನ್ನು ಆವರಣದಲ್ಲಿ ತೋರಿಸುತ್ತದೆ. ಕಡಿಮೆ ಹಿಡಿದವು ಮೇಲೆ, ಹೆಚ್ಚು ಹಿಡಿದವು ಕೆಳಗೆ, ತೀರ ಕೆಳಗೆ ಎಲ್ಲದರ ಒಟ್ಟು ಲೆಕ್ಕ.

ಮೊದಲ ಅಂಕಿಯನ್ನು ಅರ್ಥ ಮಾಡಿಕೊಳ್ಳಲು ಕಷ್ಟವಿಲ್ಲ. ಎರಡನೆಯದರೊಳಗೆ ಒಂದು ತಾತ್ತ್ವಿಕ ಪ್ರಶ್ನೆ ಇದೆ. ಹಲವರು ಕೂಡಿ ಹಿಡಿದಿರುವ ವಸ್ತುವಿನಲ್ಲಿ ಒಬ್ಬರ ಪಾಲು ಎಷ್ಟು? ಆ ಪಾಲು ವಸ್ತುವಿನಲ್ಲೇ ಇರುತ್ತದೆಯೇ, ಎಣಿಸುವವರು ಅದನ್ನು ಗೊತ್ತುಮಾಡುತ್ತಾರೆಯೇ? ಭಾರತದ ಧರ್ಮಶಾಸ್ತ್ರವೂ ನ್ಯಾಯದರ್ಶನವೂ ಸ್ವತ್ವ (ಒಡೆತನ) ಎಂಬ ಹೆಸರಿನಡಿ ಶತಮಾನಗಳ ಕಾಲ ಚರ್ಚಿಸಿದ್ದು ಇದನ್ನೇ. ಮೆಮೊರಿಯನ್ನು ಅಳೆಯುವ ಸಾಧನಕ್ಕೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅದು ಒಂದು ಅಂಕಿಯನ್ನು ಕೊಡಲೇಬೇಕು. ಕೊಟ್ಟ ಅಂಕಿ ಒಂದು ಉತ್ತರವೇ ಆಗಿರುತ್ತದೆ.

ಪ್ರಶ್ನೆ ಏಳುವುದು ಗಣಕವು ಮೆಮೊರಿಯನ್ನು ಹಂಚುವ ರೀತಿಯಿಂದ. 1962ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಆರಂಭಿಸಿದ ಅಟ್ಲಾಸ್ ಗಣಕದ ಕಾಲದಿಂದ ಬೆಳೆದು ಬಂದ ವರ್ಚುವಲ್ ಮೆಮೊರಿಯ ವ್ಯವಸ್ಥೆಯಲ್ಲಿ ಪ್ರೋಗ್ರಾಮು ನೇರವಾಗಿ ಭೌತಿಕ ಮೆಮೊರಿಯನ್ನು ಮುಟ್ಟುವುದಿಲ್ಲ. ಅದಕ್ಕೆ ಕಾಣುವುದು ತನ್ನದೇ ಆದ ಒಂದು ವಿಳಾಸಗಳ ಲೋಕ. ಆ ಲೋಕವನ್ನು ಪುಟಗಳಾಗಿ ವಿಂಗಡಿಸಿರುತ್ತಾರೆ. ಸಾಮಾನ್ಯ ಗಣಕಗಳಲ್ಲಿ ಒಂದು ಪುಟದ ಅಳತೆ 4 ಕಿಲೋಬೈಟ್. ಯಾವ ವಿಳಾಸದ ಪುಟ ಭೌತಿಕ ಮೆಮೊರಿಯ ಯಾವ ಪುಟಕ್ಕೆ ಹೊಂದುತ್ತದೆ ಎಂಬ ಕೋಷ್ಟಕವನ್ನು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಇಟ್ಟುಕೊಂಡಿರುತ್ತದೆ. ಹೀಗಾಗಿ ಎರಡು ಪ್ರೋಸೆಸ್‌ಗಳ ಬೇರೆ ಬೇರೆ ವಿಳಾಸಗಳು ಒಂದೇ ಭೌತಿಕ ಪುಟದ ಕಡೆಗೆ ಬೊಟ್ಟು ಮಾಡಬಹುದು. ಸಿ ಭಾಷೆಯ ಮೂಲ ಲೈಬ್ರರಿಯನ್ನು ಗಣಕದ ಬಹುತೇಕ ಎಲ್ಲ ಪ್ರೋಗ್ರಾಮುಗಳೂ ಬಳಸುತ್ತವೆ. ಆದರೂ ಅದರ ಸೂಚನೆಗಳಿರುವ ಪುಟಗಳ ಒಂದೇ ಪ್ರತಿ ಮೆಮೊರಿಯಲ್ಲಿದ್ದರೆ ಸಾಕು.

ಆ ಪುಟದ ಮೇಲೆ ಇಂಥ ಪ್ರೋಸೆಸ್ ಇದರ ಒಡೆಯ ಎಂದು ಬರೆದಿರುವುದಿಲ್ಲ. ಎಷ್ಟು ಕಡೆಯಿಂದ ಅದನ್ನು ಹಿಡಿದಿದ್ದಾರೆ ಎಂಬ ಎಣಿಕೆ ಮಾತ್ರ ಕರ್ನಲ್ ಬಳಿ ಇರುತ್ತದೆ. ಒಡೆತನದ ಲೆಕ್ಕವನ್ನು ಈ ಎಣಿಕೆಯಿಂದ ಕಟ್ಟಬೇಕು. ಕಟ್ಟುವ ದಾರಿಗಳು ಹಲವು.

ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಮೂರು ಪ್ರೋಸೆಸ್‌ಗಳಿವೆ. ಅವುಗಳ ಸ್ವಂತ ಮೆಮೊರಿ ಕ್ರಮವಾಗಿ 400, 600 ಮತ್ತು 800 ಕಿಲೋಬೈಟ್. ಮೂರೂ ಕೂಡಿ ಬಳಸುವ ಲೈಬ್ರರಿ 1200 ಕಿಲೋಬೈಟ್. ಭೌತಿಕವಾಗಿ ತುಂಬಿರುವ ಮೆಮೊರಿ ಒಟ್ಟು 3000 ಕಿಲೋಬೈಟ್. ಇದರಲ್ಲಿ ಯಾರದು ಎಷ್ಟು?

ಮೊದಲ ಉತ್ತರ ಆರ್‌ಎಸ್‌ಎಸ್ ಎಂಬ ಅಳತೆಯದು. ಒಂದು ಪ್ರೋಸೆಸ್ ಹಿಡಿದಿರುವ, ಸದ್ಯ ಮೆಮೊರಿಯಲ್ಲಿ ನೆಲೆಸಿರುವ ಎಲ್ಲ ಪುಟಗಳನ್ನೂ ಇದು ಪೂರ್ತಿಯಾಗಿ ಅದರ ಲೆಕ್ಕಕ್ಕೆ ಹಾಕುತ್ತದೆ. ಪಿಎಸ್, ಟಾಪ್ ಮುಂತಾದ ಹಳೆಯ ಸಾಧನಗಳು ತೋರಿಸುವುದು ಇದನ್ನೇ. ಆಗ ಮೂವರ ಲೆಕ್ಕ 1600, 1800, 2000, ಕೂಡಿದರೆ 5400. ಇರುವುದು 3000 ಮಾತ್ರ. ಒಂದು ಹಿತ್ತಲ ಬಾವಿಯ ಸುತ್ತ ಮೂವರು ಅಣ್ಣತಮ್ಮಂದಿರ ಮನೆಗಳಿದ್ದು, ಒಬ್ಬೊಬ್ಬರನ್ನೇ ಕೇಳಿದಾಗ ಪ್ರತಿಯೊಬ್ಬರೂ ಒಂದು ಮನೆ, ಒಂದು ಬಾವಿ ಎಂದು ಬರೆಸಿದಂತೆ. ಯಾರೂ ಸುಳ್ಳು ಹೇಳಲಿಲ್ಲ, ಆದರೂ ಪಟ್ಟಿಯಲ್ಲಿ ಮೂರು ಬಾವಿಗಳಾದವು.

ಎರಡನೆಯ ಉತ್ತರ ಯುಎಸ್‌ಎಸ್. ಇದು ಹಂಚಿಕೊಂಡದ್ದನ್ನು ಪೂರ್ತಿ ಬಿಟ್ಟು ಸ್ವಂತದ್ದನ್ನು ಮಾತ್ರ ಎಣಿಸುತ್ತದೆ: 400, 600, 800, ಒಟ್ಟು 1800. ಈಗ ಬಾವಿಯೇ ಲೆಕ್ಕದಿಂದ ಮಾಯವಾಯಿತು.

ಮೂರನೆಯದು ಪಿಎಸ್‌ಎಸ್. ಪ್ರತಿ ಪುಟವನ್ನೂ ಅದನ್ನು ಹಿಡಿದವರ ಸಂಖ್ಯೆಯಿಂದ ಭಾಗಿಸಿ ಒಂದೊಂದು ಪಾಲನ್ನು ಒಬ್ಬೊಬ್ಬರಿಗೆ ಕೊಡುತ್ತದೆ. 1200ರಲ್ಲಿ ಮೂವರಿಗೂ ತಲಾ 400, ಲೆಕ್ಕ 800, 1000, 1200, ಒಟ್ಟು 3000. ಮೊತ್ತ ತಾಳೆಯಾಯಿತು. ಪ್ರತಿ ಪ್ರೋಸೆಸ್‌ನ ಮೆಮೊರಿ ನಕ್ಷೆಯನ್ನು ವಿವರವಾಗಿ ಕೊಡುವ ಎಸ್‌ಮ್ಯಾಪ್ಸ್ ಎಂಬ ಕಡತ ಲಿನಕ್ಸ್‌ನಲ್ಲಿ 2005ರಿಂದ ಇದೆ. 2008ರಲ್ಲಿ ಬಂದ 2.6.25 ಆವೃತ್ತಿಯಿಂದ ಕರ್ನಲ್ ಅದರಲ್ಲಿ ಪಿಎಸ್‌ಎಸ್ ಅಂಕಿಯನ್ನೂ ಬರೆಯುತ್ತದೆ. ಪಿಎಸ್-ಮೆಮ್ ಈ ಅಂಕಿಯಿಂದ ಖಾಸಗಿ ಭಾಗವನ್ನು ಕಳೆದು ಉಳಿದದ್ದನ್ನು ಹಂಚಿಕೆಯ ಅಂಕಣದಲ್ಲಿ ತೋರಿಸುತ್ತದೆ. ಮ್ಯಾಟ್ ಮ್ಯಾಕಾಲ್ ರೂಪಿಸಿದ ಎಸ್‌ಮೆಮ್ ಎಂಬ ಸಾಧನ ಮೂರೂ ಅಳತೆಗಳನ್ನು ಅಕ್ಕಪಕ್ಕ ಇಡುತ್ತದೆ.

ಮೊತ್ತ ತಾಳೆಯಾದ ಕಾರಣಕ್ಕೆ ಪಿಎಸ್‌ಎಸ್ ಒಂದೇ ನಿಜವಾದ ಉತ್ತರ ಎನ್ನಿಸಬಹುದು. ಹಾಗೆನ್ನುವ ಮೊದಲು ಸ್ವತ್ವದ ಹಳೆಯ ಚರ್ಚೆಯನ್ನು ನೋಡಬೇಕು. ಈ ಮೂರು ಅಳತೆಗಳ ಹಿಂದಿರುವ ನಿಲುವುಗಳೆಲ್ಲ ಅಲ್ಲಿ ಆಗಲೇ ಕಾಣಿಸಿಕೊಂಡಿವೆ.

ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕಲ್ಯಾಣ ಚಾಲುಕ್ಯರ ರಾಜಧಾನಿಯಲ್ಲಿ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದನು. ದಾಯಭಾಗದ, ಅಂದರೆ ಪಿತ್ರಾರ್ಜಿತ ಆಸ್ತಿಯ ಹಂಚಿಕೆಯ, ವಿಚಾರಕ್ಕೆ ಇಳಿಯುವ ಮೊದಲೇ ಅವನು ಒಂದು ಬುನಾದಿಯ ಪ್ರಶ್ನೆ ಎತ್ತುತ್ತಾನೆ: ಒಡೆತನ ಎಂಬುದು ಶಾಸ್ತ್ರದಿಂದ ಮಾತ್ರ ತಿಳಿಯುವಂಥದ್ದೋ, ಲೋಕವ್ಯವಹಾರದಿಂದ ತಿಳಿಯುವಂಥದ್ದೋ? ಅವನ ಉತ್ತರ ಎರಡನೆಯದು. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನ ಜನರಲ್ಲೂ ಕೊಡುಕೊಳ್ಳುವಿಕೆ ನಡೆಯುತ್ತದೆ, ನನ್ನದು ನಿನ್ನದು ಎಂಬ ಅರಿವಿದೆ ಎಂಬುದು ಅವನು ಕೊಡುವ ಕಾರಣಗಳಲ್ಲಿ ಒಂದು. ಒಡೆತನ ವಸ್ತುವಿನ ಬಣ್ಣದಂತೆ, ತೂಕದಂತೆ ಕಣ್ಣಿಗೆ ಕೈಗೆ ಸಿಗುವ ಗುಣವಲ್ಲ. ಜನರ ವ್ಯವಹಾರದಲ್ಲಿ ನೆಲೆ ಪಡೆದದ್ದು. ಮೆಮೊರಿಯ ಪುಟದ ವಿಷಯದಲ್ಲೂ ಇದು ಹಾಗೆಯೇ ಸಲ್ಲುತ್ತದೆ. ಪುಟವನ್ನು ಎಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದರೂ ಒಡೆಯ ಸಿಗುವುದಿಲ್ಲ. ಯಾರು ಅದನ್ನು ಬಳಸುತ್ತಿದ್ದಾರೆ, ಯಾವ ಕಾರಣಕ್ಕೆ ಕೇಳುತ್ತಿದ್ದೇವೆ ಎಂಬುದರಿಂದ ಒಡೆತನ ಹುಟ್ಟುತ್ತದೆ.

ಕೂಡುಕುಟುಂಬದ ಆಸ್ತಿಯ ಬಗ್ಗೆ ಮಿತಾಕ್ಷರದ ನಿಲುವು ಸ್ಪಷ್ಟ. ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಪಾಲಾಗುವವರೆಗೆ ಪ್ರತಿಯೊಬ್ಬರ ಒಡೆತನವೂ ಇಡೀ ಆಸ್ತಿಯ ಮೇಲೆ ಹರಡಿರುತ್ತದೆ. ಈ ಗದ್ದೆ ಇವನದು, ಆ ತೋಟ ಅವನದು ಎನ್ನುವಂತಿಲ್ಲ. ಹರಡಿರುವ ಒಡೆತನಗಳನ್ನು ಒಂದೊಂದು ತುಂಡಿನ ಮೇಲೆ ತಂದು ನಿಲ್ಲಿಸುವ ಕ್ರಿಯೆಗೆ ವಿಭಾಗ ಎಂದು ಹೆಸರು. ಬಂಗಾಳದ ಜೀಮೂತವಾಹನನು ದಾಯಭಾಗ ಎಂಬ ಹೆಸರಿನದೇ ಗ್ರಂಥದಲ್ಲಿ ಬೇರೆ ನಿಲುವು ತಳೆದನು. ಹಿಂದಿನ ಒಡೆಯನ ಒಡೆತನ ಮುಗಿದಾಗ ಮಾತ್ರ ಉತ್ತರಾಧಿಕಾರಿಗಳ ಹಕ್ಕು ಹುಟ್ಟುತ್ತದೆ, ಹುಟ್ಟುವಾಗಲೇ ಪ್ರತಿಯೊಬ್ಬರದು ಒಂದೊಂದು ಅಂಶದ ಮೇಲೆ ಇರುತ್ತದೆ. ಯಾವ ಅಂಶ ಯಾರದೆಂದು ವಿಭಾಗ ತೋರಿಸಿಕೊಡುತ್ತದೆ, ಅಷ್ಟೇ. ವಿಜ್ಞಾನೇಶ್ವರನ ಮಟ್ಟಿಗೆ ವಿಭಾಗವು ಪಾಲನ್ನು ಉಂಟುಮಾಡುತ್ತದೆ, ಜೀಮೂತವಾಹನನ ಮಟ್ಟಿಗೆ ಇದ್ದ ಪಾಲನ್ನು ತಿಳಿಸುತ್ತದೆ.

ನ್ಯಾಯದರ್ಶನದಲ್ಲಿ ಇದಕ್ಕೆ ಹೊಂದುವ ಒಂದು ಪರಿಭಾಷೆಯಿದೆ: ವ್ಯಾಸಜ್ಯವೃತ್ತಿ ಧರ್ಮ. ಹಲವು ಆಶ್ರಯಗಳಲ್ಲಿ ಕೂಡಿಯೇ ಇರುವ, ಒಂದೊಂದರಲ್ಲಿ ಬಿಡಿಯಾಗಿ ಪೂರ್ಣಗೊಳ್ಳದ ಗುಣ ಇದು. ಎರಡು ಎಂಬ ಸಂಖ್ಯೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡು ಮಾವಿನಹಣ್ಣುಗಳಿದ್ದರೆ ಎರಡುತನ ಎರಡರಲ್ಲೂ ಸೇರಿ ಇದೆ. ಒಂದು ಹಣ್ಣನ್ನು ಕೈಗೆತ್ತಿಕೊಂಡು ಇದರಲ್ಲಿ ಅರ್ಧ ಎರಡುತನವಿದೆ ಎನ್ನಲಾಗದು. ಹಂಚಿಕೊಂಡ ಪುಟದ ಬಳಕೆಯೂ ಹೀಗೆಯೇ. ಮೂವರೂ ಆ 1200 ಕಿಲೋಬೈಟನ್ನು ಪೂರ್ತಿಯಾಗಿಯೇ ಬಳಸುತ್ತಾರೆ. ತಲಾ 400 ಎಂಬ ಪಾಲನ್ನು ಮೆಮೊರಿಯೊಳಗೆ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅಂಥ ತುಂಡು ಅಲ್ಲಿ ಇಲ್ಲ. ಲೆಕ್ಕದಲ್ಲಿ ಮಾತ್ರ ಅದು ಇದೆ.

ಈ ಹೊಂದಿಕೆಯನ್ನು ಕ್ರಮವಾಗಿ ಹೇಳಬಹುದು. ಆರ್‌ಎಸ್‌ಎಸ್ ಅವಿಭಕ್ತ ಒಡೆತನದ ಲೆಕ್ಕ: ಎಲ್ಲರಿಗೂ ಎಲ್ಲವೂ. ಯುಎಸ್‌ಎಸ್ ಸ್ವಯಾರ್ಜಿತದ ಲೆಕ್ಕ. ಪಿಎಸ್‌ಎಸ್ ಒಂದು ಕಲ್ಪಿತ ವಿಭಾಗ: ಈ ಗಳಿಗೆಯಲ್ಲಿ ಪಾಲು ಮಾಡಿದ್ದರೆ ಯಾರಿಗೆಷ್ಟು ಬರುತ್ತಿತ್ತು ಎಂಬ ಎಣಿಕೆ. ಕಲ್ಪಿತ ವಿಭಾಗ ಕಾನೂನಿಗೂ ಪರಿಚಿತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ಕೂಡುಕುಟುಂಬದ ಸದಸ್ಯನ ಪಾಲನ್ನು ಗೊತ್ತುಮಾಡಲು, ಅವನು ಸಾಯುವ ಮುನ್ನ ವಿಭಾಗ ನಡೆದಿತ್ತು ಎಂದು ಭಾವಿಸಿಕೊಳ್ಳುವ ವಿಧಾನವನ್ನು ಅಳವಡಿಸಿಕೊಂಡಿತು.

ಕಲ್ಪಿತ ಪಾಲಿನ ಮುಖ್ಯ ಲಕ್ಷಣ ಅದರ ಚಂಚಲತೆ. ಹಳೆಯ ಮಿತಾಕ್ಷರ ಪದ್ಧತಿಯ ಕುಟುಂಬದಲ್ಲಿ ಗಂಡುಮಗು ಹುಟ್ಟಿದರೆ ಉಳಿದವರ ಪಾಲು ಕುಗ್ಗುತ್ತಿತ್ತು, ಪಾಲುದಾರನೊಬ್ಬನ ಸಾವಾದರೆ ಹಿಗ್ಗುತ್ತಿತ್ತು. ಯಾರೂ ಏನನ್ನೂ ಗಳಿಸಲಿಲ್ಲ, ಕಳೆದುಕೊಳ್ಳಲಿಲ್ಲ; ಆದರೂ ಅಂಕಿ ಬದಲಾಯಿತು. ಮೇಲಿನ ಉದಾಹರಣೆಯಲ್ಲಿ ಮೂರನೆಯ ಪ್ರೋಸೆಸ್ ಮುಗಿದುಹೋಯಿತು ಎಂದುಕೊಳ್ಳಿ. ಅದರ ಪಿಎಸ್‌ಎಸ್ 1200 ಇತ್ತು. ಆದರೆ ತೆರವಾಗುವುದು ಅದರ ಸ್ವಂತದ 800 ಕಿಲೋಬೈಟ್ ಮಾತ್ರ. ಉಳಿದ 400 ಇನ್ನಿಬ್ಬರ ಹೆಗಲಿಗೆ ಸರಿಯುತ್ತದೆ. ಅವರ ಲೆಕ್ಕ 800 ಮತ್ತು 1000ದಿಂದ 1000 ಮತ್ತು 1200ಕ್ಕೆ ಏರುತ್ತದೆ. ತಮ್ಮ ಕೆಲಸದಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲದಿದ್ದರೂ ಅವು ಭಾರವಾದಂತೆ ಕಾಣುತ್ತವೆ. ಒಬ್ಬರ ಬಗ್ಗೆ ಹೇಳಿದಂತೆ ತೋರುವ ಈ ಅಂಕಿ ವಾಸ್ತವವಾಗಿ ಎಲ್ಲರ ನಡುವಿನ ಸಂಬಂಧದ ಬಗ್ಗೆ ಹೇಳುತ್ತಿರುತ್ತದೆ.

ಭಾಗಿಸುವಾಗ ಯಾರನ್ನು ಎಣಿಸಬೇಕು ಎಂಬುದೂ ಮೊದಲೇ ತೀರ್ಮಾನವಾಗಬೇಕಾದ ವಿಷಯ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ ಅನ್ವಯಿಸುವಂತೆ 2005ರಲ್ಲಿ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನ ಹಕ್ಕು ದೊರೆಯಿತು. ಜಮೀನು ಇದ್ದಷ್ಟೇ ಇತ್ತು. ಭಾಜಕ ಬದಲಾದ ಕೂಡಲೇ ಪ್ರತಿ ಪಾಲೂ ಬದಲಾಯಿತು. ಹಿಂದಿನ ಭಾಗಾಕಾರದಲ್ಲಿ ಗಣಿತದ ತಪ್ಪಿರಲಿಲ್ಲ, ಎಣಿಕೆಯಿಂದ ಹೆಣ್ಣುಮಕ್ಕಳನ್ನು ಹೊರಗಿಟ್ಟದ್ದು ಅನ್ಯಾಯವಾಗಿತ್ತು. ಪಿಎಸ್‌ಎಸ್ ಕೂಡ ಇಂಥ ಒಂದು ತೀರ್ಮಾನದ ಮೇಲೆ ನಿಂತಿದೆ. ಪುಟವನ್ನು ಹಿಡಿದವರೆಲ್ಲರೂ ಸಮಾನ ಎಂದು ಅದು ಒಪ್ಪಿಕೊಳ್ಳುತ್ತದೆ; ಒಬ್ಬರು ಅದನ್ನು ಸೆಕೆಂಡಿಗೆ ಸಾವಿರ ಸಲ ಬಳಸುತ್ತಾರೆಯೇ, ಇನ್ನೊಬ್ಬರು ದಿನಕ್ಕೊಮ್ಮೆ ಮಾತ್ರವೇ ಎಂದು ಕೇಳುವುದಿಲ್ಲ.

ಮೊತ್ತ ತಾಳೆಯಾಗುವ ಇನ್ನೊಂದು ಲೆಕ್ಕವೂ ಇದೆ. ಲಿನಕ್ಸ್‌ನಲ್ಲಿ ಪ್ರೋಸೆಸ್‌ಗಳನ್ನು ಗುಂಪು ಮಾಡಿ ಪ್ರತಿ ಗುಂಪಿಗೂ ಮೆಮೊರಿಯ ಮಿತಿ ಹಾಕುವ ಸಿಗ್ರೂಪ್ ಎಂಬ ವ್ಯವಸ್ಥೆ ಇದೆ. ಅಲ್ಲಿ ಹಂಚಿಕೆಯ ಪುಟವನ್ನು ಮೊದಲು ಮುಟ್ಟಿದವರ ಖಾತೆಗೆ ಪೂರ್ತಿಯಾಗಿ ಬರೆಯುತ್ತಾರೆ. ಮೇಲಿನ ಮೂರೂ ಬೇರೆ ಬೇರೆ ಗುಂಪಿನಲ್ಲಿದ್ದು, ಮೊದಲನೆಯದೇ ಲೈಬ್ರರಿಯನ್ನು ಮೊದಲು ತಂದಿದ್ದರೆ ಲೆಕ್ಕ 1600, 600, 800; ಮೊತ್ತ ಮತ್ತೆ 3000. ಕಾಡು ಕಡಿದು ಹದ ಮಾಡಿದವರದೇ ಹೊಲ ಎಂದು ಮನುಸ್ಮೃತಿ ಒಪ್ಪಿದ ನ್ಯಾಯ, ದುಡಿಮೆ ಬೆರೆಸಿದವರದೇ ನೆಲ ಎಂದು 17ನೆಯ ಶತಮಾನದಲ್ಲಿ ಜಾನ್ ಲಾಕ್ ವಾದಿಸಿದ ನ್ಯಾಯ ಇದಕ್ಕೆ ಹತ್ತಿರವಾದದ್ದು. ಆದರೆ ಅಲ್ಲಿ ಮೊದಲು ಬಂದವರಿಗೆ ದಕ್ಕುವುದು ಸಂಪತ್ತು, ಇಲ್ಲಿ ಹೊರೆ. ಒಬ್ಬರು ಹೊತ್ತು ತಂದದ್ದನ್ನು ಉಳಿದವರು ಪುಕ್ಕಟೆಯಾಗಿ ಬಳಸುತ್ತಾರೆ. ಆದ್ದರಿಂದ ಮೊತ್ತ ತಾಳೆಯಾಗುವುದು ಲೆಕ್ಕ ಸರಿಯಿದೆ ಎಂಬುದಕ್ಕೆ ಸಾಕ್ಷಿ, ಲೆಕ್ಕ ನ್ಯಾಯವಾಗಿದೆ ಎಂಬುದಕ್ಕೆ ಅಲ್ಲ.

ಈ ಎರಡು ಲೆಕ್ಕಗಳ ನಡುವೆ ಒಂದು ಸುಂದರ ಸಂಬಂಧವಿದೆ. ಮೊದಲು ಬರುವುದು ಆಕಸ್ಮಿಕ. ಮೂವರಲ್ಲಿ ಯಾರು ಬೇಕಾದರೂ ಮೊದಲು ಬಂದಿರಬಹುದಿತ್ತು. ಬರಬಹುದಾದ ಎಲ್ಲ ಕ್ರಮಗಳನ್ನೂ ತೆಗೆದುಕೊಂಡು ಪ್ರತಿಯೊಬ್ಬರ ಹೊರೆಯ ಸರಾಸರಿ ಹಿಡಿದರೆ ಏನಾಗುತ್ತದೆ? ಮೂರರಲ್ಲಿ ಒಂದು ಪಾಲು ಕ್ರಮಗಳಲ್ಲಿ ಒಬ್ಬರು ಮೊದಲಿಗರಾಗಿ 1200 ಹೊರುತ್ತಾರೆ, ಉಳಿದವುಗಳಲ್ಲಿ ಸೊನ್ನೆ, ಸರಾಸರಿ 400. ಇದು ಪಿಎಸ್‌ಎಸ್ ಕೊಡುವ ಪಾಲೇ. ಕೂಡಿ ಮಾಡಿದ ಖರ್ಚನ್ನು ಹೀಗೆ ಎಲ್ಲ ಕ್ರಮಗಳ ಸರಾಸರಿಯಿಂದ ಹಂಚುವ ತತ್ತ್ವವನ್ನು ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ ಮಂಡಿಸಿದರು. ಯಾರು ಮೊದಲು ಬಂದರು ಎಂಬ ಅದೃಷ್ಟವನ್ನು ಲೆಕ್ಕದಿಂದ ಹೊರಗಿಟ್ಟರೆ ಉಳಿಯುವುದು ಸಮಪಾಲು. ಪಿಎಸ್‌ಎಸ್‌ನ ನಿಜವಾದ ಬಲ ಇರುವುದು ಈ ನಿಷ್ಪಕ್ಷಪಾತದಲ್ಲಿ.

ಸ್ವಂತದ್ದು ಹೇಗೆ ಸ್ವಂತದ್ದಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಲಿನಕ್ಸ್‌ನಲ್ಲಿ ಒಂದು ಪ್ರೋಸೆಸ್ ಫೋರ್ಕ್ ಎಂಬ ಕರೆಯ ಮೂಲಕ ತನ್ನಂತೆಯೇ ಇರುವ ಮರಿಯನ್ನು ಹುಟ್ಟಿಸುತ್ತದೆ. ಹುಟ್ಟಿದ ಗಳಿಗೆಯಲ್ಲಿ ಮರಿಗೆ ತಾಯಿಯ ಮೆಮೊರಿಯೆಲ್ಲ ಸಿಗುತ್ತದೆ, ಆದರೆ ಪುಟಗಳ ನಕಲು ಆಗುವುದಿಲ್ಲ; ಇಬ್ಬರೂ ಅವೇ ಪುಟಗಳನ್ನು ನೋಡುತ್ತಿರುತ್ತಾರೆ. ಓದುತ್ತಿರುವಷ್ಟು ಕಾಲ ಹಂಚಿಕೆ ಮುಂದುವರಿಯುತ್ತದೆ. ಇಬ್ಬರಲ್ಲಿ ಒಬ್ಬರು ಒಂದು ಪುಟದ ಮೇಲೆ ಬರೆಯಲು ಹೊರಟಾಗ ಮಾತ್ರ ಕರ್ನಲ್ ಆ ಪುಟದ ಪ್ರತಿ ತೆಗೆದು ಬರೆಯುವವರಿಗೆ ಕೊಡುತ್ತದೆ. ಪಿತ್ರಾರ್ಜಿತ ಹುಟ್ಟಿನಿಂದ ಬಂತು, ಸ್ವಯಾರ್ಜಿತ ಕ್ರಿಯೆಯಿಂದ ಬಂತು. ಬೇರೆತನವನ್ನು ಉಂಟುಮಾಡುವುದು ಕರ್ಮ ಎಂಬ ಮಾತಿಗೆ ಇಷ್ಟು ಅಕ್ಷರಶಃ ದೃಷ್ಟಾಂತ ಸಿಗುವುದು ಅಪರೂಪ.

ಇದರ ವಿಲೋಮವೂ ಉಂಟು. 2009ರಲ್ಲಿ ಬಂದ ಕರ್ನಲ್‌ನ 2.6.32 ಆವೃತ್ತಿಯಿಂದ ಕೆಎಸ್‌ಎಂ ಎಂಬ ವ್ಯವಸ್ಥೆ ಸೇರಿಕೊಂಡಿದೆ. ಒಪ್ಪಿಗೆ ಕೊಟ್ಟ ಪ್ರೋಗ್ರಾಮುಗಳ ಪುಟಗಳನ್ನು ಅದು ಹೋಲಿಸುತ್ತಾ ಹೋಗಿ, ಬೈಟಿಗೆ ಬೈಟು ಒಂದೇ ಆಗಿರುವವನ್ನು ಒಂದಾಗಿ ಬೆಸೆಯುತ್ತದೆ. ಎಲ್ಲ ಗುಣಗಳಲ್ಲೂ ಒಂದೇ ಆಗಿರುವ ಎರಡು ವಸ್ತುಗಳು ಎರಡಾಗಿ ಉಳಿಯಲಾರವು ಎಂಬ ಲೈಬ್ನಿಟ್ಸ್‌ನ ತತ್ತ್ವ ಇಲ್ಲಿ ಕೆಲಸದ ಕ್ರಮವಾಗಿದೆ. ಆದರೆ ಬೆಸೆದ ಪುಟದ ಮೇಲೆ ಒಬ್ಬರು ಬರೆದ ಕೂಡಲೇ ಅದು ಮತ್ತೆ ಎರಡಾಗುತ್ತದೆ. ಒಂದೇ ಎರಡೇ ಎಂಬುದು ಇಲ್ಲಿ ವಸ್ತುವಿನ ಶಾಶ್ವತ ಸ್ವಭಾವವಾಗಿರದೆ, ಸದ್ಯದ ವ್ಯವಹಾರಕ್ಕೆ ವ್ಯತ್ಯಾಸ ಬೇಕೇ ಬೇಡವೇ ಎಂಬುದನ್ನು ಅವಲಂಬಿಸಿದೆ.

ಅಳತೆಯಿಂದ ತೀರ್ಪು ಹುಟ್ಟುವಾಗ ಈ ಭೇದಗಳ ತೂಕ ಗೊತ್ತಾಗುತ್ತದೆ. ಗಣಕದ ಮೆಮೊರಿ ಪೂರ್ತಿ ಮುಗಿದು ಬೇರೆ ದಾರಿ ಕಾಣದಾದಾಗ ಲಿನಕ್ಸ್ ಕರ್ನಲ್ ಒಂದು ಪ್ರೋಸೆಸ್ ಅನ್ನು ಆರಿಸಿ ಕೊನೆಗೊಳಿಸುತ್ತದೆ. ಆರಿಸುವಾಗ ಅದು ಪ್ರೋಸೆಸ್‌ನ ನೆಲೆಸಿದ ಪುಟಗಳ ಪೂರ್ಣ ಎಣಿಕೆ, ಡಿಸ್ಕಿನಲ್ಲಿರುವ ಸ್ವಾಪ್ ಜಾಗಕ್ಕೆ ಹೋದದ್ದು ಮತ್ತು ಪುಟಕೋಷ್ಟಕಗಳ ಗಾತ್ರವನ್ನು ಕೂಡಿಸುತ್ತದೆ. ಆಡಳಿತಗಾರರು -1000ದಿಂದ 1000ದವರೆಗಿನ ಒಂದು ಅಂಕಿಯಿಂದ ಅದನ್ನು ಹೆಚ್ಚು ಕಡಿಮೆ ಮಾಡಬಹುದು. ಪೂರ್ಣ ಎಣಿಕೆ ಎಂದರೆ ಹಂಚಿಕೆಯದೂ ಸೇರಿತು. ಹೀಗಾಗಿ ದೊಡ್ಡ ಹಂಚಿಕೆಯ ಭಾಗವಿರುವ ಪ್ರೋಸೆಸ್ ಬಲಿಯಾದರೂ ಅದರ ಅಂಕಿ ಹೇಳಿದಷ್ಟು ಮೆಮೊರಿ ತೆರವಾಗದೆ ಇರಬಹುದು. ಇಲ್ಲಿ ಕೇಳಬೇಕಾದ ಪ್ರಶ್ನೆ ಈ ಪ್ರೋಸೆಸ್ ಹೊರಟುಹೋದರೆ ಎಷ್ಟು ತೆರವಾಗುತ್ತದೆ ಎಂಬುದು. ಅದಕ್ಕೆ ಹತ್ತಿರದ ಉತ್ತರ ಯುಎಸ್‌ಎಸ್. ಆದರೆ ಎಸ್‌ಮ್ಯಾಪ್ಸ್‌ನಂತೆ ಪುಟಪುಟವನ್ನೂ ನೋಡಿ ಪಾಲು ಹಾಕಲು ಸಮಯ ಬೇಕು, ಸಂಕಟದ ಗಳಿಗೆಯಲ್ಲಿ ಆ ಸಮಯವಿಲ್ಲ. ಕೈಗೆ ಸುಲಭವಾಗಿ ಸಿಕ್ಕ ಅಳತೆಯೇ ತೀರ್ಪಿನ ಅಳತೆಯಾಗಿಬಿಡುವ ಈ ಪರಿಸ್ಥಿತಿ ಮನುಷ್ಯರ ಸಂಸ್ಥೆಗಳಿಗೂ ಹೊಸದಲ್ಲ.

ಸಾಧನದ ಮಿತಿಗಳನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಬೇರೆ ಬಳಕೆದಾರರ ಪ್ರೋಸೆಸ್‌ಗಳ ನಕ್ಷೆ ಓದಲು ಪಿಎಸ್-ಮೆಮ್‌ಗೆ ಆಡಳಿತಗಾರರ ಅಧಿಕಾರ ಬೇಕು. ನೋಡುವ ಹಕ್ಕಿಲ್ಲದವರಿಗೆ ಪೂರ್ತಿ ಲೆಕ್ಕ ಸಿಗದು. ಅದು ಕಡತಗಳನ್ನು ಒಂದಾದ ಮೇಲೊಂದರಂತೆ ಓದುತ್ತದೆ. ಕೊನೆಯದನ್ನು ಓದುವಷ್ಟರಲ್ಲಿ ಮೊದಲನೆಯದು ಬದಲಾಗಿರಬಹುದು. ಕರ್ನಲ್‌ನ ಸ್ವಂತ ಬಳಕೆ ಅದರ ಪಟ್ಟಿಗೆ ಸೇರುವುದಿಲ್ಲ. ಡಿಸ್ಕಿನಿಂದ ಓದಿ ಮುಂದೆ ಬೇಕಾದೀತೆಂದು ಕರ್ನಲ್ ಇಟ್ಟುಕೊಂಡ, ಸದ್ಯ ಯಾವ ಪ್ರೋಸೆಸ್‌ನ ನಕ್ಷೆಯಲ್ಲೂ ಇಲ್ಲದ ಪುಟಗಳೂ ಸೇರುವುದಿಲ್ಲ. ಅವು ತುಂಬಿದ ಮೆಮೊರಿಯೇ, ಆದರೆ ಯಾರ ಪಾಲಿನದೂ ಅಲ್ಲ. ಹಂಚಿಕೊಂಡದ್ದು ಯಾರದು ಎಂಬ ಪ್ರಶ್ನೆಯ ಪಕ್ಕದಲ್ಲಿ ಒಡೆಯರಿಲ್ಲದ್ದನ್ನು ಎಲ್ಲಿ ಬರೆಯಬೇಕು ಎಂಬ ಪ್ರಶ್ನೆಯೂ ಹೀಗೆ ಉಳಿದುಕೊಳ್ಳುತ್ತದೆ.

ಹಾಗಾದರೆ ಈ ಅಳತೆಗಳಲ್ಲಿ ಯಾವುದು ಸತ್ಯ? ಜೈನ ದರ್ಶನದ ನಯವಾದ ಇಲ್ಲಿ ನೆರವಾಗುತ್ತದೆ. ವಸ್ತುವಿಗೆ ಅನೇಕ ಮುಖಗಳಿವೆ; ಒಂದು ನಿಲುವಿನಿಂದ ಹೇಳಿದ ಮಾತು ಆ ನಿಲುವಿನ ಮಟ್ಟಿಗೆ ನಿಜ; ಅದೇ ಪೂರ್ಣಸತ್ಯ ಎಂದು ಹಿಡಿದಾಗ ದುರ್ನಯವಾಗುತ್ತದೆ. ಇಂಥ ಮಾತಿಗೆ ಜೈನರು ಸೇರಿಸುವ ಸ್ಯಾತ್ ಎಂಬ ಪದವನ್ನು ಇರಬಹುದೇನೋ ಎಂಬ ಸಂಶಯವಾಗಿ ಓದುವುದು ತಪ್ಪು. ಇಂಥ ನಿಲುವಿನಿಂದ ನೋಡಿದರೆ ಖಂಡಿತವಾಗಿ ಹೀಗೆ ಎಂಬ ನಿಶ್ಚಯವೇ ಅದರಲ್ಲಿದೆ. ಇದನ್ನು ಅನ್ವಯಿಸಿದರೆ, ಒಂಟಿಯಾಗಿ ಓಡಲು ಒಂದು ಪ್ರೋಗ್ರಾಮಿಗೆ ಎಷ್ಟು ಪುಟಗಳು ಕಣ್ಣೆದುರು ಬೇಕು ಎಂಬುದಕ್ಕೆ ಆರ್‌ಎಸ್‌ಎಸ್ ಉತ್ತರ. ಅದು ಹೊರಟುಹೋದರೆ ಲೋಕಕ್ಕೆ ಎಷ್ಟು ತೆರವು ಎಂಬುದಕ್ಕೆ ಯುಎಸ್‌ಎಸ್. ಎಲ್ಲರೂ ಇರುವಾಗ ಹೊರೆಯನ್ನು ನಿಷ್ಪಕ್ಷಪಾತವಾಗಿ ಹಂಚಿದರೆ ಅದಕ್ಕೆಷ್ಟು ಎಂಬುದಕ್ಕೆ ಪಿಎಸ್‌ಎಸ್. ಯಾರ ಕಾರಣದಿಂದ ಇದು ಬಂತು ಎಂಬುದಕ್ಕೆ ಮೊದಲು ಮುಟ್ಟಿದವರ ಲೆಕ್ಕ. ನಾಲ್ಕೂ ನಿಜ, ಏಕೆಂದರೆ ನಾಲ್ಕು ಪ್ರಶ್ನೆಗಳು ಬೇರೆ ಬೇರೆ.

ಇದರಿಂದ ಅಳತೆಗಳೆಲ್ಲ ಮನಸ್ಸಿಗೆ ತೋಚಿದಂತೆ ಎಂದಾಗುವುದಿಲ್ಲ. ಪ್ರಶ್ನೆ ಗೊತ್ತಾದ ಮೇಲೆ ಉತ್ತರ ಒಂದೇ, ಅದನ್ನು ತಪ್ಪು ಮಾಡಲೂ ಸಾಧ್ಯ. ಆರ್‌ಎಸ್‌ಎಸ್‌ಗಳನ್ನು ಕೂಡಿಸಿ ಗಣಕದ ಒಟ್ಟು ಬಳಕೆ ಎಂದರೆ ಅದು ತಪ್ಪೇ. ಪಿಎಸ್‌ಎಸ್ ನೋಡಿ ಇಷ್ಟು ಮೆಮೊರಿ ತೆರವಾಗುತ್ತದೆ ಎಂದು ಒಂದು ಪ್ರೋಸೆಸ್ ಅನ್ನು ನಿಲ್ಲಿಸಿದರೆ ಅದೂ ತಪ್ಪೇ. ಅಂಕಿಯ ಪ್ರಾಮಾಣಿಕತೆ ಅದರ ದಶಾಂಶ ಸ್ಥಾನಗಳಿಗಿಂತ ಹೆಚ್ಚಾಗಿ, ಅದು ಯಾವ ಪ್ರಶ್ನೆಗೆ ಉತ್ತರ ಎಂದು ಹೇಳಿಕೊಳ್ಳುವುದರಲ್ಲಿದೆ. ಪಿಎಸ್-ಮೆಮ್ ಖಾಸಗಿಯನ್ನೂ ಹಂಚಿಕೆಯ ಪಾಲನ್ನೂ ಬೇರೆ ಬೇರೆ ಅಂಕಣಗಳಲ್ಲಿಟ್ಟು, ಆಮೇಲೆ ಮೊತ್ತ ತೋರಿಸುವುದರಿಂದ ಓದುವವರಿಗೆ ಎರಡೂ ಪ್ರಶ್ನೆಗಳು ಕಾಣುತ್ತವೆ: ಇದು ಹೋದರೆ ಎಷ್ಟು ಸಿಗುತ್ತದೆ, ಇದ್ದರೆ ಇದರ ಪಾಲಿಗೆ ಎಷ್ಟು ಬರುತ್ತದೆ. ಮೊದಲನೆಯದು ಆ ಪ್ರೋಗ್ರಾಮು ತಾನೇ ಬರೆದುಕೊಂಡದ್ದರಿಂದ ಬಹುಮಟ್ಟಿಗೆ ಗೊತ್ತಾಗುತ್ತದೆ. ಎರಡನೆಯದಕ್ಕೆ ಅದರೊಡನೆ ಇರುವವರನ್ನೆಲ್ಲ ಎಣಿಸಬೇಕಾಗುತ್ತದೆ.